ಹ್ಯಾಮ್ ರೇಡಿಯೊಗೆ ಇಂಟರ್‌ನೆಟ್ ಆಸರೆ ಬೇಡ

ಮಾನ್ಯರೇ,

ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೊ, ಬಳಸುವವರಿಗೆ ಈಗ ಎಲ್ಲ ಸಲೀಸು. ಎಕೋಲಿಂಕ್ ಎಂಬ ಆ್ಯಪ್ ಇದ್ದರೆ ಇಂಟರ್‌ನೆಟ್ ಮೂಲಕ ಮೊಬೈಲಿನಿಂದಲೇ ದೂರದ ರಿಪೀಟರ್ (ಸಂಕೇತವನ್ನು ಹಿಡಿದು ಮತ್ತೆ ಬಿತ್ತರಿಸುವ ಕೇಂದ್ರ) ಸಿಗುತ್ತದೆ. ಡಿಎಂಆರ್ ಎಂಬ ಡಿಜಿಟಲ್ ರೇಡಿಯೊ ರಿಪೀಟರ್‌ಗಳೂ ಹೆಚ್ಚಾಗಿ ಇಂಟರ್‌ನೆಟ್ ಮೂಲಕವೇ ಒಂದಕ್ಕೊಂದು ಜೋಡಿಕೊಂಡಿವೆ. ದಿನದ ಮಾತುಕತೆಗೆ ಇದು ಸಾಕು. ಆದರೆ ತುರ್ತು ಸಂದೇಶದ ಜಾಲವನ್ನೂ ಇದನ್ನೇ ನಂಬಿ ಕಟ್ಟುವುದು ದೊಡ್ಡ ತಪ್ಪು. ನೆಟ್ ಕೈಕೊಟ್ಟಾಗಲೇ ಹ್ಯಾಮ್ ಬೇಕಾಗುವುದು; ನೆಟ್ ಇದ್ದರೆ ಜನ ವಾಟ್ಸ್‌ಆ್ಯಪ್ಪನ್ನೇ ಬಳಸುತ್ತಾರೆ, ಅಲ್ವಾ?

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್ ಬ್ಲೇರ್‌ನಲ್ಲಿತ್ತು. ಫೋನ್ ಸಂಪರ್ಕ ಕಡಿದುಹೋಗಿತ್ತು. ತಮ್ಮವರು ಬದುಕಿದ್ದಾರಾ ಎಂದು ಕಂಗಾಲಾದ ಮನೆಗಳಿಗೆ ಅವರ ಶಾರ್ಟ್‌ವೇವ್ ಸೆಟ್ ಸುದ್ದಿ ಮುಟ್ಟಿಸಿತು. ನಡುವೆ ಟವರ್ ಬೇಕಾಗಲಿಲ್ಲ, ಸರ್ವರ್ ಬೇಕಾಗಲಿಲ್ಲ.

ಮಲೆನಾಡಿನಂಥ ಗುಡ್ಡಗಾಡಿನ ಕಡೆ ಇಂಥ ನೇರ ರೇಡಿಯೊ ಸಂಪರ್ಕ ಇನ್ನೂ ಮುಖ್ಯ. 12 ವೋಲ್ಟಿನ ಕಾರ್ ಬ್ಯಾಟರಿ, 7 ಮೆಗಾಹರ್ಟ್ಸ್ ಸೆಟ್, ಆಂಟೆನಾ ಆಗಿ ಎರಡು ಅಡಿಕೆ ಮರಗಳ ನಡುವೆ ಸುಮಾರು 20 ಮೀಟರ್ ತಂತಿ. ತಂತಿಯನ್ನು ತುಂಬಾ ಎತ್ತರಕ್ಕೇರಿಸದೆ ಕಟ್ಟಿದರೆ ರೇಡಿಯೊ ಅಲೆ ನೆಟ್ಟಗೆ ಮೇಲೇರಿ, ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ, ಗುಡ್ಡದಾಚೆ ಇಳಿಯುತ್ತದೆ. ಹಗಲಲ್ಲಿ ನೂರಾರು ಕಿಲೋಮೀಟರ್ ದೂರದವರೆಗೆ ಇದು ಸಾಕು.

ಇಂಟರ್‌ನೆಟ್ ಬಿಟ್ಟುಬಿಡಿ ಎನ್ನುತ್ತಿಲ್ಲ. ವಿನ್‌ಲಿಂಕ್‌ ಎಂಬ ಸಂದೇಶ ವ್ಯವಸ್ಥೆಯಲ್ಲಿ, ರೇಡಿಯೊದಲ್ಲಿ ಹೊರಟ ಸಂದೇಶ ಇಮೇಲ್ ಆಗಿ ತಲುಪುವುದು ತುಂಬಾ ಉಪಯೋಗದ್ದು. ಅದರಲ್ಲೇ ಬರೀ ರೇಡಿಯೊದಿಂದ ರೇಡಿಯೊಗೆ ಕಳಿಸುವ ದಾರಿಯೂ ಇದೆ. ಅದನ್ನು ಅಭ್ಯಾಸ ಮಾಡುವವರು ಬೇಕು. ನಮ್ಮ ಕ್ಲಬ್‌ಗಳು ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ಇಂಟರ್‌ನೆಟ್ ರೂಟರ್ ಆಫ್ ಮಾಡಿ, ಜಿಲ್ಲೆಯಿಂದ ಜಿಲ್ಲೆಗೆ ಸಂದೇಶ ದಾಟಿಸಿ ನೋಡಲಿ. ಜಿಲ್ಲಾಡಳಿತದವರೂ ಅವತ್ತು ಜೊತೆಗಿರಲಿ.

– ಒಬ್ಬ ಹವ್ಯಾಸಿ ರೇಡಿಯೊ ಬಳಕೆದಾರ, ಶಿವಮೊಗ್ಗ