ಮೈಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಮಾನ್ಯರೇ,

ನಮ್ಮ ಮೈಸೂರಿನಲ್ಲಿ ಈಗ ಯಾವ ಬಡಾವಣೆಗೆ ಹೋದರೂ ‘ಸಮಗ್ರ ದೇಹ ಚಿಕಿತ್ಸೆ’, ‘ಹೋಲಿಸ್ಟಿಕ್ ಮಸಾಜ್ ಥೆರಪಿ’, ‘ಏಳು ದಿನದ ಪಂಚಕರ್ಮ ಪ್ಯಾಕೇಜ್’ ಎಂಬ ಫಲಕಗಳು ಕಣ್ಣಿಗೆ ಬೀಳುತ್ತವೆ. ಭಾನುವಾರದ ಪತ್ರಿಕೆ ಬಿಡಿಸಿದರೆ ಮಡಿಕೆಯೊಳಗಿನಿಂದ ಇಂಥದೇ ಒಂದೆರಡು ಕರಪತ್ರ ಜಾರುತ್ತವೆ. ಅವುಗಳಲ್ಲಿ ದರವಿರುತ್ತದೆ, ರಿಯಾಯಿತಿ ಇರುತ್ತದೆ, ಬೆನ್ನ ಮೇಲೆ ಎಣ್ಣೆ ಸುರಿಯುವ ಚಿತ್ರವಿರುತ್ತದೆ. ಯಾರು ಈ ಚಿಕಿತ್ಸೆ ಮಾಡಿಸಿಕೊಳ್ಳಬಾರದು ಎಂಬ ಒಂದು ಸಾಲನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ಆ ಒಂದು ಸಾಲು ಇಲ್ಲದೆ ಏನಾಗುತ್ತದೆ ಎಂಬುದು ಕಳೆದ ವರ್ಷ ನಮ್ಮ ಮನೆಯಲ್ಲೇ ತಿಳಿದದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅಭ್ಯಂಗದ ವಿರೋಧಿಯಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ ಅಜ್ಜಿಯ ಕೈಯಿಂದ ನೆತ್ತಿಗೆ ಎಣ್ಣೆ ತಟ್ಟಿಸಿಕೊಂಡು, ಹಂಡೆಯ ನೀರಿಗೆ ಬೆನ್ನು ಕೊಟ್ಟು ಸೀಗೆಪುಡಿ ಉಜ್ಜಿಸಿಕೊಂಡು ಬೆಳೆದವಳು. ಮುಂದೆ ಸರ್ಕಾರಿ ಆಸ್ಪತ್ರೆಯಲ್ಲಿ 31 ವರ್ಷ ಶುಶ್ರೂಷಕಿಯಾಗಿ ದುಡಿದೆ. ಒಳ್ಳೆಯ ಕೈಯಿಂದ ನೀವಿಸಿಕೊಂಡರೆ ಬೆನ್ನುನೋವು, ಕುತ್ತಿಗೆಯ ಬಿಗಿತ ಕೆಲಕಾಲ ತಗ್ಗುತ್ತದೆ, ನಿದ್ದೆ ಬರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನ ತಕರಾರು ಇರುವುದು ಕೇಳದೆ ಮುಟ್ಟುವುದರ ಬಗ್ಗೆ.

ನನ್ನ ಯಜಮಾನರಿಗೆ 18 ವರ್ಷದಿಂದ ಸಕ್ಕರೆ ಕಾಯಿಲೆ. ಮಂಡಿನೋವಿಗೆಂದು ಮನೆಗೆ ಹತ್ತಿರದ ಒಂದು ಕೇಂದ್ರದಲ್ಲಿ ಎಣ್ಣೆ ಮಸಾಜು ಮತ್ತು ಕಿಳಿ ಚಿಕಿತ್ಸೆಗೆ, ಅಂದರೆ ಬಿಸಿ ಗಂಟಿನಿಂದ ಶಾಖ ಕೊಡುವುದಕ್ಕೆ, ಹಣ ಕಟ್ಟಿದೆವು. ಕೌಂಟರಿನಲ್ಲಿ ಹೆಸರು, ತೂಕ, ಮೊಬೈಲ್ ಸಂಖ್ಯೆ ಬರೆದುಕೊಂಡರು. ನಗದೋ ಫೋನಿನಿಂದ ಪಾವತಿಯೋ ಎಂದು ಕೇಳಿದರು. ಅಲ್ಲಿಗೆ ವಿಚಾರಣೆ ಮುಗಿಯಿತು. ಮೂರನೆಯ ದಿನ ಪತ್ರಪೋಟಲಿ, ಅಂದರೆ ಎಕ್ಕ, ಲಕ್ಕಿ, ನುಗ್ಗೆ, ಹುಣಸೆಯ ಎಲೆಗಳನ್ನು ಹುರಿದು ಬಟ್ಟೆಯಲ್ಲಿ ಕಟ್ಟಿದ ಗಂಟು. ಕಾದ ಎಣ್ಣೆಯ ಬಾಣಲೆಯಲ್ಲಿ ಆ ಗಂಟನ್ನು ಅದ್ದಿ, ತನ್ನ ಮುಂಗೈಗೆ ಒಮ್ಮೆ ಒತ್ತಿ ನೋಡಿಕೊಂಡು, ಮಂಡಿಯಿಂದ ಅಂಗಾಲಿನವರೆಗೆ ತಾಳ ಹಾಕಿದಂತೆ ತಟ್ಟುತ್ತಿದ್ದ ಹುಡುಗ ‘ಬಿಸಿ ಸರಿ ಇದೆಯಾ ಸಾರ್?’ ಎಂದು ಎರಡು ಬಾರಿ ಕೇಳಿದ್ದು ಬಾಗಿಲಾಚೆ ಕೂತಿದ್ದ ನನಗೂ ಕೇಳಿಸಿತು. ‘ಹಿತವಾಗಿದೆಯಪ್ಪ’ ಎಂದರು ಇವರು. ರಾತ್ರಿ ಕಾಲುಚೀಲ ಬಿಚ್ಚಿದಾಗ ಬಲ ಅಂಗಾಲಿನಲ್ಲಿ ಹುಣಸೆಬೀಜದಷ್ಟು ದೊಡ್ಡ ಎರಡು ಬೊಬ್ಬೆಗಳು ಎದ್ದಿದ್ದವು. ಅವು ಒಡೆದು, ಕೀವಾಗಿ, ಮಾಯುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಆ ಹುಡುಗನನ್ನು ನಾನು ದೂರಲಾರೆ. ಅವನು ಕಲಿತಂತೆ ಬಿಸಿಯನ್ನು ಪರೀಕ್ಷಿಸಿಯೇ ಮುಂದುವರಿದಿದ್ದ. ಆದರೆ ಸಕ್ಕರೆ ಕಾಯಿಲೆ ಹಳತಾದವರಲ್ಲಿ ಪಾದದ ನರಗಳು ಮಂದವಾಗುತ್ತವೆ, ಸುಡುವಷ್ಟು ಬಿಸಿಯೂ ಅವರಿಗೆ ಬೆಚ್ಚಗಿದ್ದಂತೆ ತೋರುತ್ತದೆ. ಅವನ ಪ್ರಶ್ನೆಗೆ ಉತ್ತರ ಹೇಳಬೇಕಾಗಿದ್ದ ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ‘ಸಕ್ಕರೆ ಇದೆಯೇ’ ಎಂದು ಮೊದಲ ದಿನ ಯಾರಾದರೂ ಕೇಳಿದ್ದರೆ ಅಂಗಾಲನ್ನು ಬಿಟ್ಟು ಮಂಡಿಗಷ್ಟೇ ಹದವಾದ ಬಿಸಿ ಕೊಟ್ಟಿರುತ್ತಿದ್ದರು. ವಾರ್ಡಿನಲ್ಲಿ ಸಾವಿರಾರು ರೋಗಿಗಳಿಗೆ ಇದೇ ಪ್ರಶ್ನೆ ಕೇಳಿದ್ದ ನಾನಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಎಣ್ಣೆ ತಾನೇ, ಇಂಜೆಕ್ಷನ್ ಏನಲ್ಲವಲ್ಲ ಎಂಬ ಉದಾಸೀನ ನನ್ನದೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಬೊಬ್ಬೆ ಕಣ್ಣಿಗೆ ಕಾಣುತ್ತದೆ, ಮಾಯುತ್ತದೆ. ಕಾಣದೆ ಇರುವ ಅಪಾಯ ಇದಕ್ಕಿಂತ ದೊಡ್ಡದು. ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದವರಲ್ಲಿ, ಕಾಲು ಇಳಿಬಿಟ್ಟುಕೊಂಡು ಹತ್ತು ಹನ್ನೆರಡು ಗಂಟೆ ಬಸ್ಸಿನಲ್ಲೋ ವಿಮಾನದಲ್ಲೋ ಕೂತು ಬಂದವರಲ್ಲಿ, ಬಾಣಂತಿಯರಲ್ಲಿ, ಕೆಲವೊಮ್ಮೆ ಮೀನಖಂಡದ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಒಂದೇ ಕಾಲು ಊದಿಕೊಳ್ಳುವುದು, ಆ ಕಾಲು ಇನ್ನೊಂದಕ್ಕಿಂತ ಬೆಚ್ಚಗಿರುವುದು, ಒತ್ತಿದರೆ ನೋಯುವುದು ಇದರ ಗುರುತುಗಳು. ಇದನ್ನು ಪ್ರಯಾಣದ ಆಯಾಸವೆಂದೋ ಸ್ನಾಯುಸೆಳೆತವೆಂದೋ ತಿಳಿದು ಎಣ್ಣೆ ಹಚ್ಚಿ ಬಲವಾಗಿ ನೀವಿದರೆ ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು, ಜೀವವೇ ಹೋಗಬಹುದು. ಅಮೆರಿಕದಿಂದ ರಜೆಗೆ ಬರುವ ಮಕ್ಕಳು ವಿಮಾನ ಇಳಿದ ಮರುದಿನವೇ ‘ಕಾಲು ಹಿಡಿದುಕೊಂಡಿದೆ’ ಎಂದು ಮಸಾಜಿಗೆ ಓಡುವುದನ್ನು ನೋಡುವಾಗಲೆಲ್ಲ ಎರಡೂ ಮೀನಖಂಡವನ್ನು ಅಕ್ಕಪಕ್ಕ ಇಟ್ಟು ಒಮ್ಮೆ ನೋಡಿಕೊಳ್ಳಿ ಎಂದು ಹೇಳಬೇಕೆನಿಸುತ್ತದೆ. ಅನುಮಾನವಿದ್ದರೆ ಮೊದಲು ವೈದ್ಯರ ಬಳಿ ಹೋಗಬೇಕು, ಸ್ಕ್ಯಾನಿಂಗ್‌ನಲ್ಲಿ ಹೆಪ್ಪು ಇಲ್ಲವೆಂದು ಖಚಿತವಾದ ಮೇಲಷ್ಟೇ ಎಣ್ಣೆಯ ಮಾತು.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರಿಗೆ ಗಟ್ಟಿಯಾಗಿ ಒತ್ತಿದಲ್ಲೆಲ್ಲ ನೀಲಿಗಟ್ಟುತ್ತದೆ. ಮೂಳೆ ಸವೆದ ವೃದ್ಧರ ಬೆನ್ನಿನ ಮೇಲೆ ಮೊಣಕೈಯೂರಿ ಒತ್ತುವುದು ತಕ್ಕದ್ದಲ್ಲ. ಜ್ವರವಿರುವಾಗ, ಚರ್ಮದಲ್ಲಿ ಹುಣ್ಣು, ಕಜ್ಜಿ ಇರುವಾಗ ದಿನ ಮುಂದೂಡಬೇಕು. ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳದೆ ಮಂಚ ಹತ್ತಬಾರದು. ಇದೆಲ್ಲ ಆಸ್ಪತ್ರೆಯವರ ತಕರಾರು ಎಂದು ಯಾರಾದರೂ ಹೇಳಿದರೆ, ದಿನವೂ ಅಭ್ಯಂಗ ಮಾಡಿಕೊಳ್ಳಬೇಕೆಂದು ಹೇಳುವ ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯವೇ, ಅದರ ಬೆನ್ನಿಗೇ, ಕಫದಿಂದ ನರಳುವವರು, ಆಗತಾನೇ ವಾಂತಿ, ಭೇದಿ ಮುಂತಾದ ಶೋಧನ ಚಿಕಿತ್ಸೆ ಮಾಡಿಸಿಕೊಂಡವರು, ಅಜೀರ್ಣವಾದವರು ಅಭ್ಯಂಗ ಬಿಡಬೇಕೆಂದು ಹೇಳುತ್ತದೆಂಬುದನ್ನು ನೆನಪಿಸಬಹುದು. ಮಾಡಬಾರದವರು ಯಾರೆಂಬುದನ್ನು ಶಾಸ್ತ್ರ ಬರೆದಿಟ್ಟಿದೆ. ಕರಪತ್ರ ಅಚ್ಚು ಹಾಕಿಸುವವರು ಅದನ್ನು ಕೈಬಿಟ್ಟಿದ್ದಾರೆ.

ಕುತ್ತಿಗೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಕ್ಷೌರ ಮುಗಿದ ಮೇಲೆ ತಲೆಗೆ ನಾಲ್ಕು ಏಟು ತಟ್ಟಿ, ಗಲ್ಲ ಹಿಡಿದು ‘ಲಟಕ್’ ಎಂದು ತಿರುಗಿಸುವ ಪುಕ್ಕಟೆ ಸೇವೆ ನಮ್ಮಲ್ಲಿ ಎಲ್ಲ ಕಡೆಯೂ ಇದೆ, ಈಗ ಸ್ಪಾಗಳೂ ಅದನ್ನು ಕಲಿತಿವೆ. ಕುತ್ತಿಗೆಯ ಮೂಲಕ ಮಿದುಳಿಗೆ ಹೋಗುವ ರಕ್ತನಾಳಗಳ ಒಳಪದರ ಇಂಥ ತಿರುಚಿನಲ್ಲಿ ಹರಿದರೆ ಪಾರ್ಶ್ವವಾಯು ಬಡಿಯಬಹುದು. 2024ರಲ್ಲಿ ಬಳ್ಳಾರಿಯ ಯುವಕರೊಬ್ಬರಿಗೆ ಹೀಗೇ ಆದದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ‘ಕುತ್ತಿಗೆ ತಿರುಗಿಸಬೇಡಿ’ ಎಂದು ಕುರ್ಚಿಯಲ್ಲಿ ಕೂರುವಾಗಲೇ ಹೇಳುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ.

ಇನ್ನು, ಬಾಗಿಲಿನ ಮೇಲೆ ಬರೆದ ಹೆಸರಿಗೂ ಒಳಗಿರುವುದಕ್ಕೂ ಸಂಬಂಧ ಇದೆಯೇ ಎಂಬುದನ್ನು ನೋಡಬೇಕು. ಮೈ ಹಗುರಾಗಲೆಂದು ಒಂದು ಗಂಟೆ ಎಣ್ಣೆ ನೀವಿಸಿಕೊಳ್ಳುವುದು ಒಂದು ಮಾತು, ಅದು ಸ್ಪಾ. ಪಂಚಕರ್ಮವೇ ಬೇರೆ. ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಬಸ್ತಿ (ಎನಿಮಾ), ನಸ್ಯ (ಮೂಗಿಗೆ ಔಷಧ ಬಿಡುವುದು), ರಕ್ತಮೋಕ್ಷಣ (ರಕ್ತ ತೆಗೆಯುವುದು) ಎಂಬ ಐದು ಶೋಧನಗಳಿಗೆ ಆ ಹೆಸರು. ಎಣ್ಣೆ ಹಚ್ಚುವುದು, ಬೆವರಿಸುವುದು ಅವುಗಳಿಗೆ ಮುಂಚಿನ ಸಿದ್ಧತೆ ಮಾತ್ರ. ಎಣ್ಣೆ ಮತ್ತು ಹಬೆ ಎರಡನ್ನೇ ಕೊಟ್ಟು ಪಂಚಕರ್ಮದ ದರ ಕೇಳುವವರೂ ಇದ್ದಾರೆ, ವೈದ್ಯರಿಲ್ಲದೆ ವಿರೇಚನ ಕೊಡುವವರೂ ಇದ್ದಾರೆ. ಎರಡನೆಯವರು ಹೆಚ್ಚು ಅಪಾಯಕಾರಿ. ಕಾಯಿಲೆಗೆ ಚಿಕಿತ್ಸೆ ಕೊಡುತ್ತೇವೆ ಎನ್ನುವ ಕೇಂದ್ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿಯಾಗಿರಬೇಕು, ಆಯುರ್ವೇದವೂ ಇದರೊಳಗೆ ಬರುತ್ತದೆ. ನೋಂದಣಿ ಸಂಖ್ಯೆಯನ್ನು ಫಲಕದಲ್ಲಿ ಬರೆಯಬೇಕೆಂದೂ, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣದ ಫಲಕವಿರಬೇಕೆಂದೂ ಆರೋಗ್ಯ ಇಲಾಖೆ 2024ರಲ್ಲಿ ಸೂಚಿಸಿತು. ಒಳಗೆ ಆಯುರ್ವೇದ ಪದವಿಯಾದ ಬಿಎಎಂಎಸ್ ಅಥವಾ, ಪ್ರಕೃತಿ ಚಿಕಿತ್ಸೆಯಾದರೆ, ಬಿಎನ್‌ವೈಎಸ್ ಓದಿದ ವೈದ್ಯರು ನಿಮ್ಮನ್ನು ಕೂರಿಸಿ ನಾಡಿ, ರಕ್ತದೊತ್ತಡ ನೋಡಿ ಮಾತನಾಡಿಸುತ್ತಾರೆಯೇ, ಅಥವಾ ಗೋಡೆಯ ಮೇಲೆ ಅವರ ಪ್ರಮಾಣಪತ್ರ ಮಾತ್ರ ಇದ್ದು ಅವರು ತಿಂಗಳಿಗೊಮ್ಮೆ ಬಂದು ಹೋಗುತ್ತಾರೆಯೇ ಎಂದು ಕೇಳುವುದು ತಪ್ಪಲ್ಲ. ಕೈಯಾಡಿಸುವವರು ಎಲ್ಲಿ, ಎಷ್ಟು ಕಾಲ ಕಲಿತರೆಂಬುದನ್ನೂ ಕೇಳಬಹುದು. ಬಾಟಲಿಯಿಂದ ಬಟ್ಟಲಿಗೆ ಸುರಿದಿಟ್ಟ ಎಣ್ಣೆ ಯಾವುದೆಂದು ತಿಳಿಯುವಂತಿಲ್ಲ; ಕ್ಷೀರಬಲವೋ ಮಹಾನಾರಾಯಣವೋ, ಬಾಟಲಿಯನ್ನೇ ತೋರಿಸಿ ಎನ್ನಿ, ಅದರ ಮೇಲೆ ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚು, ತಾರೀಖು ಇರಬೇಕು. ಎಳ್ಳೆಣ್ಣೆ ಒಗ್ಗದವರು ಇದನ್ನು ಮರೆಯಲೇಬಾರದು, ಹೆಚ್ಚಿನ ತೈಲಗಳಿಗೆ ಅದೇ ಮೂಲ.

‘ದೇಹದ ವಿಷ ತೆಗೆಯುತ್ತೇವೆ’ ಎಂಬ ಮಾತು ಕೇಳಿದಲ್ಲಿ ಕೈಚೀಲ ಮುಚ್ಚುವುದು ಒಳ್ಳೆಯದು. ಉಪ್ಪುನೀರಿನ ತೊಟ್ಟಿಯಲ್ಲಿ ಕಾಲಿಡಿಸಿ, ವಿದ್ಯುತ್ ಹರಿಸಿ, ಅರ್ಧ ಗಂಟೆಯಲ್ಲಿ ನೀರು ಕಂದುಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ ‘ನೋಡಿ ಅಮ್ಮ, ಎಷ್ಟು ಕಶ್ಮಲ’ ಎಂದು ನನ್ನ ತಂಗಿಗೆ ಹೇಳಿದರಂತೆ. ಅದು ತೊಟ್ಟಿಯಲ್ಲಿರುವ ಲೋಹದ ಪಟ್ಟಿಗಳು ತುಕ್ಕು ಬಿಡುವುದರಿಂದ ಬರುವ ಬಣ್ಣ. ಕಾಲಿಡದಿದ್ದರೂ ನೀರು ಹಾಗೇ ಆಗುತ್ತದೆ. ದೇಹದ ಕಲ್ಮಶ ಹೊರಹಾಕುವ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ಸದ್ದಿಲ್ಲದೆ ಮಾಡುತ್ತಿರುತ್ತವೆ. ಮಸಾಜಿನಿಂದ ಸಕ್ಕರೆ ಕಾಯಿಲೆ ಹೋಗುತ್ತದೆ, ಬಿಪಿ ಮಾತ್ರೆ ಬಿಡಬಹುದು ಎನ್ನುವವರ ಮಾತು ಕೇಳಿ ಮಾತ್ರೆ ನಿಲ್ಲಿಸಿ ತುರ್ತು ವಿಭಾಗಕ್ಕೆ ಬಂದವರನ್ನು ನಾನು ಕೈಯಾರೆ ಹಾಸಿಗೆಗೆ ಮಲಗಿಸಿದ್ದೇನೆ.

ಹೆಣ್ಣುಮಕ್ಕಳು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಬಟ್ಟೆಯ ಬಗ್ಗೆ. ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ಮಾಡುವ ಪದ್ಧತಿ ಒಳ್ಳೆಯ ಕೇಂದ್ರಗಳಲ್ಲಿದೆ, ಅದನ್ನು ಮುಂಚೆಯೇ ಖಚಿತಪಡಿಸಿಕೊಳ್ಳಬೇಕು. ಎಣ್ಣೆ ಹಚ್ಚುತ್ತಿರುವ ಭಾಗವನ್ನು ಬಿಟ್ಟು ಉಳಿದ ಮೈಯ ಮೇಲೆ ಹೊದಿಕೆ ಇರಬೇಕು. ಎಷ್ಟು ಬಟ್ಟೆ ತೆಗೆಯಬೇಕೆಂಬುದು ನಿಮ್ಮ ಇಷ್ಟ. ಹೊಟ್ಟೆ ಬೇಡ, ಎದೆ ಬೇಡ ಎಂದರೆ ಬೇಡವೆಂದೇ ಅರ್ಥ. ಹಣ ಕೊಟ್ಟಾಗಿದೆ ಎಂಬ ಕಾರಣಕ್ಕೆ ಮುಜುಗರವನ್ನು ನುಂಗಿಕೊಂಡು ಮಲಗಿರಬೇಕಾಗಿಲ್ಲ, ನಡುವೆಯೇ ಎದ್ದು ಬರಬಹುದು. ನೋವಿನ ಮಾತೂ ಹೀಗೆಯೇ. ‘ನೋವಾದರೇ ಗುಣ’ ಎಂದು ಹಲ್ಲುಕಚ್ಚಿಕೊಂಡವರು ಮರುದಿನ ಭುಜ ಎತ್ತಲಾರದೆ ಕೂತದ್ದನ್ನು ಕಂಡಿದ್ದೇನೆ.

ಊಟವಾದ ಕೂಡಲೇ ಹೋಗಬಾರದು, ಬರೀ ಹೊಟ್ಟೆಯಲ್ಲಿ ಇನ್ಸುಲಿನ್ ತೆಗೆದುಕೊಂಡು ಹೋಗುವುದಂತೂ ಬೇಡ. ಹಬೆಪೆಟ್ಟಿಗೆಯಲ್ಲಿ ಕೂತು ಬೆವರಿ ಎದ್ದಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ, ಅದೇ ಹೊತ್ತಿಗೆ ಅಂಗಾಲಿನಲ್ಲಿ ಎಣ್ಣೆ ಇರುತ್ತದೆ, ನೆಲಕ್ಕೆ ನುಣುಪಾದ ಟೈಲ್ಸ್ ಹಾಸಿರುತ್ತಾರೆ. ಅರವತ್ತು ದಾಟಿದವರ ತೊಡೆಮೂಳೆ ಮುರಿಯಲು ಇನ್ನೇನು ಬೇಕು? ಪಾದ ಒರೆಸಿಕೊಂಡು, ಒಬ್ಬರ ಕೈ ಹಿಡಿದು ಇಳಿದು, ಹತ್ತು ನಿಮಿಷ ಕೂತು ನೀರು ಕುಡಿದು ಹೊರಡಬೇಕು.

ಆಯುಷ್ ಇಲಾಖೆಯ ಜಿಲ್ಲಾ ಅಧಿಕಾರಿಗಳಲ್ಲಿ ನನ್ನದೊಂದು ಕೋರಿಕೆಯಿದೆ. ಸಕ್ಕರೆ, ಬಿಪಿ, ಹೃದಯ, ರಕ್ತ ತೆಳುವಾಗಿಸುವ ಮಾತ್ರೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಕಾಲಿನ ಊತ, ಬಸುರು, ಒಗ್ಗದ ಪದಾರ್ಥಗಳ ಬಗ್ಗೆ ಕೇಳುವ ಒಂದು ಪುಟದ ಕನ್ನಡ ನಮೂನೆಯನ್ನು ಸಿದ್ಧಪಡಿಸಿ, ಅದನ್ನು ತುಂಬಿಸಿಕೊಳ್ಳದೆ ಯಾರ ಮೈಮೇಲೂ ಕೈಯಿಡಬಾರದೆಂದು ಎಲ್ಲ ಕೇಂದ್ರಗಳಿಗೂ ಸುತ್ತೋಲೆ ಕಳಿಸಲಿ. ಅಂಥದೊಂದು ಪುಟವನ್ನು ನಾನೇ ಕೈಬರಹದಲ್ಲಿ ಬರೆದು ನಾವು ಹೋಗಿದ್ದ ಕೇಂದ್ರಕ್ಕೆ ಕೊಟ್ಟು ಬಂದಿದ್ದೆ. ಮಾಲೀಕರು ಕೈಮುಗಿದು ತೆಗೆದುಕೊಂಡರು. ಎರಡು ತಿಂಗಳ ಮೇಲೆ ಆ ದಾರಿಯಲ್ಲಿ ಹೋಗುವಾಗ ಒಳಗೆ ಇಣುಕಿದೆ. ಕೌಂಟರಿನಲ್ಲಿ ಹೊಸ ಹುಡುಗಿಯೊಬ್ಬಳು ಯಾರದೋ ಹೆಸರು, ತೂಕ, ಮೊಬೈಲ್ ಸಂಖ್ಯೆ ಬರೆದುಕೊಳ್ಳುತ್ತಿದ್ದಳು.

ಇಂತಿ,
ಒಬ್ಬ ನಿವೃತ್ತ ಶುಶ್ರೂಷಕಿ
ಮೈಸೂರು