ಮಳೆಗಾಲಕ್ಕೆ ಮೊದಲು 60 ಆಟದ ಪೆಟ್ಟಿಗೆ: ದೇಣಿಗೆಗಾಗಿ ಮನವಿ

ಆತ್ಮೀಯ ಬಂಧುಗಳೇ,

ಕಾರವಾರ, ಅಂಕೋಲಾ ಕರಾವಳಿಯ ಎಷ್ಟೋ ಮನೆಗಳಲ್ಲಿ ಬೆಳಗಾದರೆ ತಾಯಿ ಮೀನಿನ ಬುಟ್ಟಿ ಹೊತ್ತು ಪೇಟೆಗೆ, ಮಗು ಅಜ್ಜಿಯ ಮಡಿಲಿಗೆ. ಅಂಗನವಾಡಿಯಲ್ಲಿ ಆಟ-ಪಾಠ ಶುರುವಾಗುವುದು 3 ವರ್ಷಕ್ಕೆ. ಮಿದುಳು ಅತಿ ವೇಗವಾಗಿ ಬೆಳೆಯುವುದು ಅದಕ್ಕೂ ಮೊದಲೇ, ಮನೆಯ ಜಗಲಿಯಲ್ಲಿ. ಜೂನ್‌ನಲ್ಲಿ ಮಳೆ ಹಿಡಿದರೆ ಆ ಜಗಲಿಯೂ ಒದ್ದೆ. ಮಗು ಒಳಗೆ, ಕೈಯಲ್ಲಿ ಮೊಬೈಲು. 2 ವರ್ಷ ತುಂಬುವವರೆಗೆ ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆದರೆ ಬೇಡ ಎಂದರಷ್ಟೇ ಸಾಲದು, ಬದಲಿಗೆ ಕೈಗೆ ಏನಾದರೂ ಕೊಡಬೇಕು.

ಅದಕ್ಕಾಗಿ 6 ತಿಂಗಳಿಂದ 3 ವರ್ಷದ ಮಕ್ಕಳಿರುವ 60 ಮನೆಗಳಿಗೆ ನಮ್ಮ ಟ್ರಸ್ಟ್ ಆಟದ ಪೆಟ್ಟಿಗೆ ಕೊಡಲಿದೆ. ಒಂದರಲ್ಲಿ 5 ಸೆಂ.ಮೀ. ಅಳತೆಯ 10 ಮರದ ತುಂಡು, ಒಂದರೊಳಗೊಂದು ಕೂರುವ 3 ಸ್ಟೀಲ್ ಲೋಟ, ಅಂಚು ಉಜ್ಜಿದ 4 ತೆಂಗಿನ ಕರಟ, ಬಟ್ಟೆ ಚೆಂಡು, ಒಡೆಯದ ಕನ್ನಡಿ, 12 ಪುಟದ ಚಿತ್ರಪುಸ್ತಕ ಇರುತ್ತವೆ. ತುಂಡುಗಳಿಗೆ ಬಣ್ಣ ಹಚ್ಚುವುದಿಲ್ಲ, ಏಕೆಂದರೆ ಅವು ಹೋಗುವುದು ನೇರ ಬಾಯಿಗೆ. ಇದಕ್ಕಿಂತ ಸಣ್ಣದು ಮಾಡಿದರೆ ಗಂಟಲಲ್ಲಿ ಸಿಕ್ಕೀತು. ಪುಸ್ತಕದಲ್ಲಿ ದೋಣಿ, ಬಂಗಡೆ, ಬಲೆ, ಬೆಕ್ಕು ಇವೆ; ಅಕ್ಷರ ಮಾತ್ರ ಇಲ್ಲ. ಅಜ್ಜಿ ತನ್ನ ಕೊಂಕಣಿಯಲ್ಲೇ ಕಥೆ ಹೇಳಲಿ. ಮನೆಮಾತು ಗಟ್ಟಿಯಾದ ಮಗುವಿಗೆ ಮುಂದೆ ಕನ್ನಡ ಸುಲಭವಾಗಿಯೇ ಬರುತ್ತದೆ. ಎರಡು ಭಾಷೆಯಿಂದ ಮಾತು ತಡವಾಗುತ್ತದೆ ಎಂಬುದು ಸುಳ್ಳು ಭಯ.

ಪೆಟ್ಟಿಗೆ ಕೊಟ್ಟ ಮೇಲೆ ಸಾಮಾನ್ಯವಾಗಿ ಆಗುವುದೇನೆಂದರೆ, ಹಾಳಾಗದಿರಲಿ ಎಂದು ಅದು ಅಟ್ಟಕ್ಕೇರುತ್ತದೆ. ಇಲ್ಲವೇ ಒದ್ದೆಯಲ್ಲೇ ಮುಚ್ಚಿಟ್ಟು ತುಂಡುಗಳಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕಾರ್ಯಕರ್ತೆಯೊಬ್ಬರು ಪ್ರತಿ ಮನೆಗೂ 4 ಸಲ ಹೋಗುತ್ತಾರೆ. ನಿಜವಾದ ಕೆಲಸ ಇದೇ. 8 ತಿಂಗಳ ಮಗು ಕರಟವನ್ನು ನೆಲಕ್ಕೆ ಬಡಿದು ಅಜ್ಜಿಯ ಮುಖ ನೋಡುತ್ತದೆ. ಅಜ್ಜಿಯೂ ಒಮ್ಮೆ ಬಡಿದು, "ಟಕ್" ಎಂದು, ಸುಮ್ಮನೆ ಕಾಯಬೇಕು. ಮನಸ್ಸಿನಲ್ಲೇ ಐದು ಎಣಿಸುವಷ್ಟು. ಮಗು ಮತ್ತೆ ಬಡಿಯುತ್ತದೆ, ಈ ಸಲ ನಗುತ್ತಾ. ಮಾತುಕತೆ ಹುಟ್ಟುವುದು ಇಲ್ಲೇ. ದೊಡ್ಡವರು ತಪ್ಪುವುದು ಆ ಕಾಯುವುದರಲ್ಲಿ, "ಇದೇನು? ಅದೇನು?" ಎಂದು ಪರೀಕ್ಷೆ ಶುರುಮಾಡಿದರೆ ಮಗು ಮುಖ ತಿರುಗಿಸುತ್ತದೆ.

ಭೇಟಿಯಲ್ಲಿ ಊಟವನ್ನೂ ನೋಡುತ್ತೇವೆ. ತಿಳಿಗಂಜಿಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ ಇರಬೇಕು. 9 ತಿಂಗಳಾದರೂ ಆಸರೆಯಿಲ್ಲದೆ ಕೂರದ, 18 ತಿಂಗಳಾದರೂ ನಡೆಯದ, 2 ವರ್ಷಕ್ಕೂ ಎರಡು ಪದ ಜೋಡಿಸದ ಮಗುವನ್ನು ಆಶಾ ಕಾರ್ಯಕರ್ತೆಯ ಜೊತೆ ಸರ್ಕಾರಿ ಆಸ್ಪತ್ರೆಗೆ ಕಳುಹಿಸುತ್ತೇವೆ. ಮಾತು ಬರದಿದ್ದರೆ ಮೊದಲು ಕಿವಿ ಪರೀಕ್ಷೆ. "ಅವನಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯುತ್ತಾ ಕೂತರೆ ಕಳೆದ ತಿಂಗಳುಗಳು ಮರಳಿ ಬರುವುದಿಲ್ಲ.

ಪೆಟ್ಟಿಗೆಗೆ 1,400 ರೂಪಾಯಿ: ಮರದ ತುಂಡು 500, ಪುಸ್ತಕ 250, ಬಿಗಿ ಮುಚ್ಚಳದ ಡಬ್ಬಿ 250, ಲೋಟ 200, ಚೆಂಡು ಮತ್ತು ಕನ್ನಡಿ 200. ಕರಟಕ್ಕೆ ಖರ್ಚಿಲ್ಲ. ನಾಲ್ಕು ಭೇಟಿಗೆ 600. ಒಂದು ಮಗುವಿಗೆ 2,000, ಒಟ್ಟು 1,20,000 ರೂಪಾಯಿ. ಭೇಟಿಯ ಖರ್ಚು ಬಿಟ್ಟು ಬರೀ ಪೆಟ್ಟಿಗೆಗೆ ಕೊಡುತ್ತೇವೆ ಎನ್ನುವವರಲ್ಲಿ ನಮ್ಮದೊಂದು ವಿನಂತಿ, ದಯವಿಟ್ಟು ಎರಡಕ್ಕೂ ಕೊಡಿ.

ಶಿರಸಿ, ಯಲ್ಲಾಪುರ ಕಡೆಯ ಬಡಗಿಗಳು ಉಳಿದ ಹಲಸು, ಸಾಗವಾನಿ ತುಂಡು ಕೊಡಬಹುದು. ಹಳೆಯ ಹತ್ತಿ ಸೀರೆ ಚೆಂಡಿಗೆ ಬೇಕು. ಚಕ್ರದ ವಾಕರ್ ಮಾತ್ರ ಬೇಡ: ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮಗು ಮೆಟ್ಟಿಲಿಂದ ಉರುಳುತ್ತದೆ.

ಮೇ 15ರೊಳಗೆ ತಲುಪಿದರೆ ಮೊದಲ ಮಳೆಗೆ ಮುನ್ನ ಪೆಟ್ಟಿಗೆಗಳು ಮನೆ ಸೇರುತ್ತವೆ. ಹಣ, ಸಾಮಾನು ಎರಡಕ್ಕೂ ಟ್ರಸ್ಟ್ ಕಚೇರಿಯಲ್ಲಿ ರಸೀದಿ ಪಡೆಯಿರಿ.

ಇಂತಿ,
ಟ್ರಸ್ಟಿನ ಪದಾಧಿಕಾರಿಗಳು, ಕಾರವಾರ