ಸೀಲ್ ಬದಲಿಸಿದರೆ ಸಾಲದು, ಶಾಫ್ಟನ್ನೂ ನೋಡಬೇಕು

ಮಾನ್ಯ ಸಂಪಾದಕರೇ,

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಶರಾವತಿ ಹಿನ್ನೀರಿನಲ್ಲಿ ದೋಣಿಗಳ ಕಾಲ ಮುಗಿಯಿತೆಂಬ ಮಾತು ಸಾಗರದ ಕಡೆ ಆಗಾಗ ಕೇಳಿಬರುತ್ತಿದೆ. ಆ ಒಂದು ದಾರಿಯ ಮಟ್ಟಿಗೆ ಅದು ನಿಜವಿರಬಹುದು. ಆದರೆ ಲಿಂಗನಮಕ್ಕಿ ಅಣೆಕಟ್ಟೆಯ ನೀರು ಕವಲುಕವಲಾಗಿ ಹಬ್ಬಿರುವ ಕಣಿವೆಗಳಲ್ಲಿ ಮೀನು ಹಿಡಿಯುವವರಿಗೂ ಆಚೆ ದಡದಲ್ಲಿ ಕೆಲಸವಿರುವವರಿಗೂ ಎಂಜಿನ್ ದೋಣಿ ಇಂದಿಗೂ ಬೇಕು. ಈ ಹಳೆಯ ಎಂಜಿನ್ನುಗಳನ್ನು ದುರಸ್ತಿ ಮಾಡುತ್ತ ಬಂದವನಾಗಿ, ಎಣ್ಣೆ ಸೋರಿಕೆಯೆಂಬ, ಸುಲಭವಾಗಿ ಸರಿಪಡಿಸಬಹುದಾದ ಒಂದು ದೋಷವನ್ನು ಸರಿಯಾಗಿ ನೋಡದೆ ಒಳ್ಳೆಯ ಎಂಜಿನ್ನುಗಳನ್ನು ಗುಜರಿಗೆ ಹಾಕುತ್ತಿರುವುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ.

ನಡೆಯುವುದು ಹೀಗೆ. ಗೇರ್ ಬಾಕ್ಸಿನ ಹಿಂಬದಿಯಲ್ಲೋ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲೋ ಎಣ್ಣೆ ಜಿನುಗತೊಡಗುತ್ತದೆ. ಮಾಲೀಕರು ಪೇಟೆಯಿಂದ ಹೊಸ ಆಯಿಲ್ ಸೀಲ್, ಅಂದರೆ ತಿರುಗುವ ಶಾಫ್ಟಿನ (ದಂಡದ) ಸುತ್ತ ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರ್ ಉಂಗುರ, ತಂದು ಹಾಕಿಸುತ್ತಾರೆ. ಕೆಲವು ವಾರ ಒಣಗಿದಂತಿದ್ದ ಜಾಗ ಮತ್ತೆ ಒದ್ದೆಯಾಗುತ್ತದೆ. ಎರಡನೆಯ ಸೀಲ್ ಅದಕ್ಕಿಂತಲೂ ಬೇಗ ಸೋರುತ್ತದೆ. ಕೊನೆಗೆ ‘ಎಂಜಿನ್ ಸವೆದಿದೆ, ಇನ್ನು ಪ್ರಯೋಜನವಿಲ್ಲ’ ಎಂಬ ತೀರ್ಪು ಸಿಗುತ್ತದೆ. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೈಯನ್ನು ಬಟ್ಟೆಯಿಂದ ಒರೆಸಿ ಒಮ್ಮೆ ಉಗುರಾಡಿಸಿ ನೋಡಿದ್ದರೆ ಕಾರಣ ಅಲ್ಲೇ ತಿಳಿಯುತ್ತಿತ್ತು. ಸೀಲಿನ ರಬ್ಬರ್ ತುಟಿ ಎಷ್ಟು ಮೆತ್ತಗಿದ್ದರೂ ಅದರಡಿ ಸಿಕ್ಕಿಕೊಂಡ ಮಣ್ಣಿನ ಕಣಗಳು ವರ್ಷಗಟ್ಟಲೆ ಒಂದೇ ಗೆರೆಯ ಮೇಲೆ ಉಜ್ಜಿ ಉಕ್ಕಿನ ಶಾಫ್ಟಿನಲ್ಲೂ ತೋಡು ಕೊರೆಯುತ್ತವೆ. ಉಗುರು ಆ ತೋಡಿನಲ್ಲಿ ತಡೆದು ನಿಂತರೆ, ಅದರ ಮೇಲೆ ಎಂಥ ಸೀಲ್ ಹಾಕಿದರೂ ಹೆಚ್ಚು ದಿನ ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರವಿದೆ, ದುಬಾರಿಯೂ ಅಲ್ಲ. ಸೀಲ್ ಕೂರುವ ಗೂಡಿನಲ್ಲಿ ಜಾಗವಿದ್ದರೆ, ಎಣ್ಣೆ ಹಿಂದಿರುಗುವ ರಂಧ್ರ ಮುಚ್ಚದಂತೆ ನೋಡಿಕೊಂಡು, ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆಯೋ ಮುಂದೆಯೋ ಕೂರಿಸಿದರೆ ಅದರ ತುಟಿ ಸವೆಯದ ಮೈಯ ಮೇಲೆ ಓಡುತ್ತದೆ. ಜಾಗವಿಲ್ಲದಿದ್ದರೆ ಶಾಫ್ಟಿನ ಮೇಲೆ ಬಿಗಿಯಾಗಿ ತೊಡಿಸುವ ತೆಳು ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಸಿಗುತ್ತದೆ. ಅದರ ದಪ್ಪ ಸುಮಾರು 0.28 ಮಿಲಿಮೀಟರ್ ಮಾತ್ರವಾದ್ದರಿಂದ ಸೀಲಿನ ಅಳತೆಯನ್ನು ಬದಲಿಸಬೇಕಾಗಿಲ್ಲ, ಶಾಫ್ಟನ್ನು ಲೇತಿಗೆ ಕಟ್ಟಿ ಕೆತ್ತಬೇಕಾಗಿಯೂ ಇಲ್ಲ. ತೋಡಿಗೆ ವೆಲ್ಡಿಂಗ್ ತುಂಬಿ ಲೇತಿನಲ್ಲಿ ಕಡೆಸುವ ಪದ್ಧತಿ ನಮ್ಮಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ವೆಲ್ಡಿಂಗಿನ ಕಾವಿಗೆ ಶಾಫ್ಟ್ ಬಾಗುವ ಅಪಾಯವಿದೆ. ಎಮರಿ ಕಾಗದದಿಂದ ಒರಟಾಗಿ ಉಜ್ಜಿ ಹೊಳಪು ಬರಿಸುವುದೂ ಅಷ್ಟೇ ಕೆಟ್ಟದ್ದು. ಕಾಗದವನ್ನು ಅತ್ತಿಂದಿತ್ತ ಸರಿಸಿದಾಗ ಉಳಿಯುವ ಸುರುಳಿ ಗೀರುಗಳು, ಶಾಫ್ಟ್ ತಿರುಗುವಾಗ ತಾವೇ ಎಣ್ಣೆಯನ್ನು ಹೊರಕ್ಕೆ ನೂಕಬಲ್ಲವು.

ಕೂರಿಸುವ ಹೊತ್ತಿನ ಎಚ್ಚರಿಕೆಯನ್ನೂ ಹೇಳಲೇಬೇಕು, ಏಕೆಂದರೆ ಹೊಸ ಸೀಲುಗಳು ಹಾಳಾಗುವುದು ಹೆಚ್ಚಾಗಿ ಆಗಲೇ. ಸ್ಪ್ರಿಂಗ್ ಕಾಣುವ ಬದಿ ಎಣ್ಣೆಯ ಕಡೆಗಿರಬೇಕು. ಶಾಫ್ಟಿನಲ್ಲಿ ಕೀಲಿ ಕೂರುವ ತೋಡಿನ ಮೇಲೆ ಟೇಪ್ ಸುತ್ತದೆ ಸೀಲನ್ನು ಜಾರಿಸಿದರೆ ಅದರ ಅಂಚು ತುಟಿಯನ್ನು ಸೀಳಿಬಿಡುತ್ತದೆ. ತುಟಿಗೆ ಎಣ್ಣೆ ಸವರದೆ ಎಂಜಿನ್ ಚಾಲೂ ಮಾಡಿದರೆ ಒಣ ರಬ್ಬರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಇನ್ನೊಂದು ಮಾತು: ಎಂಜಿನ್ನಿನ ಒಳಗಿನ ಗಾಳಿ ಹೊರಹೋಗುವ ದಾರಿಯಾದ ಬ್ರೀದರ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಏರಿ ಒಳ್ಳೆಯ ಸೀಲಿನಿಂದಲೂ ಎಣ್ಣೆ ಹೊರಬರುತ್ತದೆ, ಬೇರಿಂಗ್ ಸವೆದು ಶಾಫ್ಟ್ ಅಲುಗಾಡುತ್ತಿದ್ದರಂತೂ ಮೊದಲು ಬೇರಿಂಗ್, ಆಮೇಲೆ ಸೀಲ್.

ಪ್ರೊಪೆಲ್ಲರ್ ಶಾಫ್ಟ್ ದೋಣಿಯ ತಳದಿಂದ ಹೊರಗೆ ಹೋಗುವ ಜಾಗದಲ್ಲಿರುವುದು ಬಹಳಷ್ಟು ಹಳೆಯ ದೋಣಿಗಳಲ್ಲಿ ಸೀಲ್ ಅಲ್ಲ, ಗ್ಲ್ಯಾಂಡ್ ಪ್ಯಾಕಿಂಗ್, ಅಂದರೆ ಶಾಫ್ಟಿನ ಸುತ್ತ ಸುತ್ತಿ ನಟ್ಟಿನಿಂದ ಒತ್ತಿ ಹಿಡಿಯುವ ಹಗ್ಗದಂಥ ಹೊಸೆದ ಎಳೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಎಂಜಿನ್ ಓಡುವಾಗ ಗ್ಲ್ಯಾಂಡಿನಿಂದ ನಿಮಿಷಕ್ಕೆ ಕೆಲವು ಹನಿ ನೀರು ಬೀಳಬೇಕು. ಪ್ಯಾಕಿಂಗನ್ನು ತಣ್ಣಗಿಡುವುದು ಆ ನೀರೇ. ಒಂದು ಹನಿಯೂ ಬೀಳಬಾರದೆಂದು ನಟ್ಟನ್ನು ಬಿಗಿಯುತ್ತ ಹೋದರೆ ಪ್ಯಾಕಿಂಗ್ ಕಾದು ಗಟ್ಟಿಯಾಗಿ ಶಾಫ್ಟನ್ನೇ ತಿನ್ನುತ್ತದೆ, ಆಮೇಲೆ ಎಷ್ಟು ಬಿಗಿದರೂ ನೀರು ನಿಲ್ಲದು. ಹಳೆಯ ಪ್ಯಾಕಿಂಗಿನ ಮೇಲೆಯೇ ಒಂದು ಸುತ್ತು ಹೊಸದು ತುರುಕುವುದನ್ನೂ ಬಿಡಬೇಕು. ಹಳೆಯದನ್ನು ಕೊನೆಯ ಸುತ್ತಿನವರೆಗೂ ಎಳೆದು ತೆಗೆದು, ಹೊಸ ಸುತ್ತುಗಳ ತುದಿಯನ್ನು ಓರೆಯಾಗಿ ಕತ್ತರಿಸಿ, ಒಂದರ ಕೂಡುಗೆರೆ ಇನ್ನೊಂದರ ನೇರಕ್ಕೆ ಬಾರದಂತೆ ಕೂರಿಸಬೇಕು. ದೋಣಿ ನೀರಿನಲ್ಲಿದ್ದಾಗ ಈ ಕೆಲಸಕ್ಕೆ ಕೈಹಾಕಿದರೆ ನೀರು ಒಳನುಗ್ಗುತ್ತದೆ. ಹಿನ್ನೀರು ಇಳಿದು ದೋಣಿಗಳು ದಡದ ಮೇಲೆ ಕೂರುವ ಏಪ್ರಿಲ್–ಮೇ ತಿಂಗಳುಗಳೇ ಇದಕ್ಕೆ ತಕ್ಕ ಕಾಲ.

ನೀರು ಇಳಿಯುವ ಅದೇ ದಿನಗಳು ಶಾಫ್ಟಿಗೆ ಅಪಾಯದ ದಿನಗಳೂ ಹೌದು. ಮುಳುಗಡೆಯಾದ ಕಾಡಿನ ಬೊಡ್ಡೆಗಳು ಇಂದಿಗೂ ಹಿನ್ನೀರಿನಲ್ಲಿ ನಿಂತಿವೆ. ಅವುಗಳಿಗೆ ಪ್ರೊಪೆಲ್ಲರ್ ಬಡಿದು ಶಾಫ್ಟ್ ಕೂದಲೆಳೆಯಷ್ಟು ಬಾಗಿದರೂ ಅದು ಪ್ರತಿ ಸುತ್ತಿಗೂ ಸೀಲನ್ನು ಪಕ್ಕಕ್ಕೆ ತಳ್ಳುತ್ತದೆ. ಹೀಗೆ ಬಡಿದ ದೋಣಿಯಲ್ಲಿ ಸೋರಿಕೆ ಕಂಡರೆ ಮೊದಲು ಶಾಫ್ಟ್ ನೆಟ್ಟಗಿದೆಯೇ ಎಂದು ನೋಡಬೇಕು. ಬಳಿಕ ಗೇರ್ ಬಾಕ್ಸನ್ನೂ ಪ್ರೊಪೆಲ್ಲರ್ ಶಾಫ್ಟನ್ನೂ ಜೋಡಿಸುವ ಕಪ್ಲಿಂಗಿನ ಎರಡು ಮುಖಗಳ ನಡುವಿನ ಸಂದು ನಾಲ್ಕೂ ಕಡೆ ಒಂದೇ ಇದೆಯೇ ಎಂದು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳಿಂದ) ಅಳೆಯಬೇಕು. ಇದನ್ನು ಮಾತ್ರ ದೋಣಿ ತೇಲುತ್ತಿರುವಾಗಲೇ ಅಳೆಯಬೇಕು, ದಡದಲ್ಲಿದ್ದಾಗ ದೋಣಿಯ ಮೈ ಸ್ವಲ್ಪ ಬೇರೆಯಾಗಿ ಕೂರುತ್ತದೆ.

ಸೀಲಿನಿಂದ ಸೋರಿದ ಎಣ್ಣೆ ದೋಣಿಯ ತಳದಲ್ಲಿ ನೀರಿನೊಂದಿಗೆ ಸೇರುತ್ತದೆ. ಸಂಜೆ ಆ ನೀರನ್ನು ಮೊಗೆದು ಹೊರಗೆ ಚೆಲ್ಲಿದಾಗ ಎಣ್ಣೆಯೂ ಶರಾವತಿಗೇ ಹೋಗುತ್ತದೆ. ಸೋಪಿನ ಪುಡಿ ಹಾಕಿ ತೊಳೆದರೆ ಎಣ್ಣೆಯ ಪದರ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ನೀರಿನಿಂದ ಹೋಗುವುದಿಲ್ಲ. ಈ ನೀರಿನಲ್ಲೇ ಮೀನು ಹಿಡಿಯುವವರು, ಇದರ ದಡದಲ್ಲೇ ದನ ಮೇಯಿಸುವವರು ನಾವು.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟು. 2021ರ ಒಳನಾಡು ಹಡಗುಗಳ ಕಾಯ್ದೆಯಡಿ ಯಂತ್ರಚಾಲಿತ ದೋಣಿಗಳಿಗೆ ನೋಂದಣಿಯೂ ಸರ್ವೆಯೂ ಬೇಕು. ಆ ಸರ್ವೆ ಕಾಗದಪತ್ರ ಮತ್ತು ಲೈಫ್ ಜಾಕೆಟ್ ನೋಡುವುದಕ್ಕೆ ಮುಗಿಯದೆ, ಎಂಜಿನ್ನಿನ ಕೆಳಗಿನ ತಟ್ಟೆ ಒಣಗಿದೆಯೇ, ಗ್ಲ್ಯಾಂಡ್ ಹದವಾಗಿದೆಯೇ ಎಂದೂ ನೋಡುವಂತಾಗಲಿ. ಜಿಲ್ಲೆಯ ಕೈಗಾರಿಕಾ ತರಬೇತಿ ಕೇಂದ್ರಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವ ಮಕ್ಕಳಿಗೆ ಬೇಸಿಗೆಯಲ್ಲಿ ದಡಕ್ಕೆ ಬಂದ ದೋಣಿಗಳ ಮೇಲೆಯೇ ಸ್ಲೀವ್ ತೊಡಿಸುವ, ಪ್ಯಾಕಿಂಗ್ ಹಾಕುವ ಕೆಲಸ ಕಲಿಸಲಿ. ಮೀನುಗಾರರ ಸಹಕಾರ ಸಂಘಗಳು ತಮ್ಮ ಸದಸ್ಯರ ಎಂಜಿನ್ನುಗಳಿಗೆ ಬೇಕಾದ ಸೀಲು-ಸ್ಲೀವುಗಳ ಅಳತೆಯನ್ನು ಒಂದೆಡೆ ಬರೆದಿಟ್ಟು ಮಳೆಗಾಲಕ್ಕೆ ಮುಂಚೆ ಒಟ್ಟಾಗಿ ತರಿಸಿಕೊಂಡರೆ, ಒಬ್ಬೊಬ್ಬರೇ ಶಿವಮೊಗ್ಗಕ್ಕೆ ಅಲೆಯುವುದೂ, ಅಳತೆ ತಪ್ಪಿದ ಸೀಲನ್ನು ಒತ್ತಿ ಕೂರಿಸುವುದೂ ನಿಲ್ಲುತ್ತದೆ.

ಇಂತಿ,
ಎಂಜಿನ್ ದುರಸ್ತಿಗಾರ, ಸಾಗರ ತಾಲ್ಲೂಕು